ಬುಧವಾರದ ಪ್ರಾರ್ಥನೆಗೆ 37ನೇ ಕೀರ್ತನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಈ ಬುಧವಾರ ಸಂಜೆ 6.30ಕ್ಕೆ ಪ್ರಾರ್ಥನೆ ನಮ್ಮ ಮನೆಯಲ್ಲಿ. 37ನೇ ಕೀರ್ತನೆ ಓದಿಕೊಂಡು ಬನ್ನಿ, 40 ವಚನ ಇದೆ. ಹೀಬ್ರೂವಿನಲ್ಲಿ ಇದು ಅಕ್ಷರಮಾಲೆಯ ಕ್ರಮದಲ್ಲೇ ಸಾಗುತ್ತದಂತೆ, ನಮ್ಮ ಅ ಆ ಇ ಈ ಥರ.

ಕೆಟ್ಟವರನ್ನು ನೋಡಿ ಉರ್ಕೋಬೇಡ, ಹುಲ್ಲಿನ ಹಾಗೆ ಬೇಗ ಒಣಗಿಹೋಗ್ತಾರೆ ಅಂತಾನೆ ದಾವೀದ. ಬೇಗ ಅಂದ್ರೆ ಎಷ್ಟು? ಪಕ್ಕದವರು ನಮ್ಮ ತೋಟದ ಬೇಲಿ ಒಳಕ್ಕೆ ಸರಿಸಿ ಏಳು ವರ್ಷ ಆಯ್ತು, ಕೇಸು ಇನ್ನೂ ನಡೀತಿದೆ. ನಿಜ ಹೇಳ್ತೀನಿ, ಆ ಸಾಲು ಓದಿದಾಗಲೆಲ್ಲ ನನಗೆ ಸಿಟ್ಟೇ ಬರ್ತಿತ್ತು. ಆಮೇಲೆ 25ನೇ ವಚನ ಕಣ್ಣಿಗೆ ಬಿತ್ತು. ಮಾತಾಡ್ತಿರೋನು ಯೌವನ ದಾಟಿದ ಮುದುಕ! ಕಾದು ನೋಡಿದವನ ಮಾತು ಅದು.

ಕಾಯೋದು ನಮಗೇನು ಹೊಸದಾ? ಮಾರ್ಚಿನಲ್ಲಿ ಹೂ ಅರಳಿಸೋ ಮಳೆ ಬಿದ್ದು ಅರೇಬಿಕಾ ಕಾಫಿ ಗಿಡವೆಲ್ಲ ಬೆಳ್ಳಗಾದರೂ ಹಣ್ಣು ಕುಯ್ಯೋದು ನವೆಂಬರ್ ಮೇಲೇ. ಅಷ್ಟರೊಳಗೆ ಕಳೆ ತೆಗೀತೀವಿ, ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸ್ತೀವಿ. 3ನೇ ವಚನಾನೂ ನಂಬು ಅಂತ ಹೇಳಿ ಅಲ್ಲಿಗೇ ನಿಲ್ಲಿಸಲ್ಲ, ಒಳ್ಳೇದನ್ನ ಮಾಡು ಅನ್ನುತ್ತೆ. ನನಗೆ ಕಷ್ಟ ಆಗಿರೋದು ಅದೇ, ಪಕ್ಕದವರ ವಿಷಯದಲ್ಲಿ.

ಮೂಡಿಗೆರೆ ಕಡೆಯಿಂದ ಬರೋರು ಟಾರ್ಚ್ ತನ್ನಿ, ಗೇಟಿನ ಹತ್ತಿರ ಕೆಸರಿದೆ. ತಿಂಡಿ ಯಾರೂ ತರಬೇಡಿ, ಕಡುಬು ಮಾಡ್ತಿದ್ದೀವಿ.