ಸಿದ್ದಿಯರ ಕೌದಿಗೆ ಯಲ್ಲಾಪುರದಲ್ಲೊಂದು ಮ್ಯೂಸಿಯಂ ಬೇಕು

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತುಂಡು ಬಟ್ಟೆ ಜೋಡಿಸಿ ಹೊಲಿಯುವ ಕೌದಿಗಳ ಬಗ್ಗೆ ನಿಮ್ಮ ಹತ್ತಿರ ಒಂದು ಬೇಡಿಕೆ ಇದೆ.

ಈ ಕೌದಿ ಹೊಲಿಯುವುದನ್ನು ಕೂತು ನೋಡಬೇಕು ಸಾರ್. ಕೆಳಗೆ ಒಂದು ಹಳೇ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ತುಂಡು ಬಟ್ಟೆ ಇಡುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ನಕ್ಷೆ ಇಲ್ಲ, ಅಳತೆ ಇಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅನ್ನೋದು ಕೂತಲ್ಲೇ ತೀರ್ಮಾನ. ತುಂಡಿನ ಅಂಚನ್ನು ಬೆರಳಲ್ಲೇ ಒಳಕ್ಕೆ ಮಡಚಿ, ಎಲ್ಲ ಪದರ ಸೇರಿಸಿ ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫೂಲ’ ಕೂರಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ! ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಕಾಣುತ್ತದೆ.

ಕಷ್ಟ ಏನೆಂದರೆ, ಕೌದಿ ಇರೋದೇ ಹೊದೆಯೋಕೆ. ಹೊದ್ದು, ಒಗೆದು ಸವೆಯುತ್ತದೆ. ಅಜ್ಜಿ ಹೊಲಿದದ್ದು ಮೊಮ್ಮಗಳ ಕಾಲಕ್ಕೆ ಉಳಿಯುವುದೇ ಅಪರೂಪ. ಮಲೆನಾಡಿನ ಮಳೆಗಾಲದ ತೇವವೂ ಸೇರಿದರೆ ಕೇಳೋದೇ ಬೇಡ.

2011ರಲ್ಲಿ ನ್ಯೂಯಾರ್ಕಿನಲ್ಲಿ ಆಫ್ರಿಕಾ ಮೂಲದವರ ಸಂಸ್ಕೃತಿಯ ಅಧ್ಯಯನಕ್ಕೆಂದೇ ಇರುವ ಶೋಂಬರ್ಗ್ ಸೆಂಟರ್‌ನಲ್ಲಿ ಇವೇ ಕೌದಿಗಳ ಪ್ರದರ್ಶನ ನಡೆಯಿತು. ಅಮೆರಿಕದ ಲಿಂಕನ್ ನಗರದಲ್ಲಿ ಕೌದಿಯಂಥ ಹೊದಿಕೆಗಳಿಗೆಂದೇ ಒಂದು ದೊಡ್ಡ ಮ್ಯೂಸಿಯಂ ಇದೆ. ಅಷ್ಟು ದೂರದವರು ಗೋಡೆಗೆ ತೂಗುಹಾಕಿ ನೋಡಿದ್ದನ್ನು ನಮ್ಮ ಶಾಲೆ ಮಕ್ಕಳು ಯಲ್ಲಾಪುರದಲ್ಲೇ ನೋಡುವಂತಾಗಬೇಕು, ಅಲ್ವಾ?

ದೊಡ್ಡ ಕಟ್ಟಡ ಬೇಡ. ತೇವ ಬಾರದ, ಬಿಸಿಲು ನೇರ ಬೀಳದ ಎರಡು ಕೋಣೆ ಸಾಕು. ಹಳೇ ಕೌದಿಗಳನ್ನು ದಾನ ಕೇಳಬೇಡಿ, ಸರಿಯಾದ ಬೆಲೆ ಕೊಟ್ಟು ಕೊಳ್ಳಿ. ಮಡಚಿಟ್ಟರೆ ಮಡಿಕೆಯಲ್ಲೇ ಹರಿಯುತ್ತವೆ, ಸುರುಳಿ ಸುತ್ತಿಡಿಸಿ. ಪ್ರತಿಯೊಂದರ ಪಕ್ಕ ಹೊಲಿದವಳ ಹೆಸರು, ಊರು ಇರಲಿ. ‘ಬುಡಕಟ್ಟು ಕಲೆ’ ಅಂತಷ್ಟೇ ಬರೆದು ಕೈತೊಳೆದುಕೊಂಡರೆ ಅದು ಅನ್ಯಾಯ.

ಎಲ್ಲಕ್ಕಿಂತ ಮುಖ್ಯವಾಗಿ, ಎರಡನೇ ಕೋಣೆಯಲ್ಲಿ ಹೊಲಿಗೆ ನಡೆಯುತ್ತಿರಲಿ. ಕಲಿಸುವ ಹಿರಿಯ ಹೆಂಗಸರಿಗೆ ಗೌರವಧನ ಅಂತ ಪುಡಿಗಾಸಲ್ಲ, ತಿಂಗಳ ಸಂಬಳ ಕೊಡಿ. ಮ್ಯೂಸಿಯಂ ನಡೆಸುವ ಸಮಿತಿಯಲ್ಲೂ ಅವರೇ ಜಾಸ್ತಿ ಇರಲಿ. ಬರುವ ಬಜೆಟ್ಟಿನಲ್ಲಿ ಇದಕ್ಕೆ ಹಣ ಇಡಿಸಿ. ಅದಕ್ಕೂ ಮೊದಲು ಒಮ್ಮೆ ಈ ಊರುಗಳಿಗೆ ಬಂದು, ಹೊಲಿಯುವವರ ಜೊತೆಗೇ ಕೂತು ಮಾತಾಡಿ.

ಇಂತಿ,
ಉತ್ತರ ಕನ್ನಡದ ಒಬ್ಬ ನಿವಾಸಿ