ಅರ್ಜಿ ಬರೆಯಲು ಕಲಿಸಿದ ಆ ಹಿರಿಯರಿಗೆ

ಕಳೆದ ಆಷಾಢದ ಒಂದು ಮಧ್ಯಾಹ್ನ ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಿದ್ದು, ಹೆಸರನ್ನೂ ಹೇಳದೆ ಬಸ್ಸು ಹತ್ತಿ ಹೋದ ಹಿರಿಯರೇ, ತಮಗೆ ನನ್ನ ಕೃತಜ್ಞತೆಯನ್ನು ಬಹಿರಂಗವಾಗಿ ತಿಳಿಸಲು ಈ ನಾಲ್ಕು ಮಾತು. ನಮ್ಮ ಬೀದಿಯ ಚರಂಡಿ ಕಾಗದದ ಮೇಲೆ ಮುಗಿದು ನೆಲದ ಮೇಲೆ ಅರ್ಧಕ್ಕೇ ನಿಂತದ್ದೇಕೆಂದು ಮೂರು ಪುಟ ಗೋಳು ತೋಡಿಕೊಂಡಿದ್ದ ನನ್ನ ಅರ್ಜಿಯನ್ನು ತಾವು ಪೂರ್ತಿ ಓದಿ, ನಕ್ಕು, ಮಡಚಿ ನನ್ನ ಕೈಗೇ ಕೊಟ್ಟಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ‘ಏಕೆ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ, ದಾಖಲೆಯ ಪ್ರತಿಯನ್ನೇ ಕೇಳಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳೊಳಗಿರಬೇಕು ಎಂದು ವಿವರಿಸಿ, ಕಾಮಗಾರಿ ಆದೇಶ, ಅಳತೆ ಪುಸ್ತಕ, ಬಿಲ್ಲು ಎಂದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟಿರಿ. ಅರ್ಜಿ ಶುಲ್ಕದ 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೂಡ ತಮ್ಮ ಚೀಲದಿಂದಲೇ ಬಂದಿತು. ದುಡ್ಡು ಕೊಡಹೋದರೆ ಚಹಾ ಸಹ ಬೇಡವೆಂದಿರಿ.

ಅರ್ಜಿ ಸಲ್ಲಿಸಿದೆ. ಉತ್ತರ ಕೊಡಲು ಕಚೇರಿಗಿದ್ದ 30 ದಿನಗಳ ಗಡುವಿಗೆ ಎರಡು ದಿನ ಬಾಕಿ ಇರುವಾಗ ಪ್ರತಿಗಳು ಕೈಸೇರಿದವು. ಅಳತೆ ಪುಸ್ತಕದಲ್ಲಿ ನಮೂದಾಗಿದ್ದ ಉದ್ದವನ್ನು ನಾವು ನಾಲ್ವರು ನೆರೆಯವರು ಟೇಪು ಹಿಡಿದು ಬೀದಿಯಲ್ಲೇ ಅಳೆದು ನೋಡಿ, ಕಂಡ ವ್ಯತ್ಯಾಸವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದೆವು. ಉಳಿದ ಚರಂಡಿಯ ಕೆಲಸ ಈಗ ನಡೆಯುತ್ತಿದೆ, ಚಪ್ಪಡಿ ಹಾಕುವುದು ಮಾತ್ರ ಬಾಕಿ. ತಮ್ಮ ಪೆನ್ಸಿಲ್ ಬರಹದ ನೆರಳಚ್ಚು ಪಡೆದ ಪಕ್ಕದ ಬೀದಿಯವರು ನೀರಿನ ಟ್ಯಾಂಕಿನ ಕುರಿತು ಅರ್ಜಿ ಹಾಕಿದ್ದಾರೆ.