ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ತಡೆಹಿಡಿದ ಬಗ್ಗೆ ದೂರು

ಇವರಿಗೆ,
ತರಬೇತಿ ವಿಭಾಗದ ಮುಖ್ಯಸ್ಥರು

ವಿಷಯ: ಫೀಲ್ಡ್ ಸರ್ವಿಸ್ ಲೀಡರ್‌ಗಳ ಲೀನ್ ಸಿಕ್ಸ್ ಸಿಗ್ಮಾ ಬ್ಲ್ಯಾಕ್ ಬೆಲ್ಟ್ ಕೋರ್ಸ್ (ಕೆಲಸದಲ್ಲಿ ತಪ್ಪು, ವ್ಯರ್ಥ ಕಮ್ಮಿ ಮಾಡುವ ವಿಧಾನದ ಮೇಲ್ಮಟ್ಟದ ತರಬೇತಿ)

ಮಾನ್ಯರೇ,

ಸರ್ಟಿಫಿಕೇಟ್ ಬಗ್ಗೆ ಆರು ಸಲ ಫೋನ್ ಮಾಡಿದೆ. ಆರು ಸಲವೂ "ಎರಡು ದಿನದಲ್ಲಿ ಹೇಳ್ತೀವಿ" ಅಂದಿರಿ. ಅದಕ್ಕೇ ಈ ಪತ್ರ.

ನಾನು ತುಮಕೂರಿನಲ್ಲಿ ಸೋಲಾರ್ ಇನ್ವರ್ಟರ್ ಸರ್ವಿಸ್ ತಂಡ ನೋಡಿಕೊಳ್ಳುತ್ತೇನೆ. ಒಂಬತ್ತು ಜನ ಹುಡುಗರು. ಶಿರಾ, ಮಧುಗಿರಿ, ಪಾವಗಡ ಎಲ್ಲ ನಮ್ಮದೇ. ಪಾವಗಡ ಇಲ್ಲಿಂದ ಹತ್ತಿರ ಹತ್ತಿರ 100 ಕಿಲೋಮೀಟರ್. ಅಲ್ಲಿಗೆ ಹೋಗಿ, ಪಾರ್ಟ್ ಇಲ್ಲ ಅಂತ ವಾಪಸ್ ಬಂದರೆ ಹುಡುಗನ ಒಂದು ದಿನ ಹೋಯಿತು. ಗಿರಾಕಿಯ ಕರೆಂಟೂ ಹೋಯಿತು.

ಮೊದಲ ಭೇಟಿಯಲ್ಲೇ ರಿಪೇರಿ ಮುಗಿಸುವುದು ಹೇಗೆ? ಸರ್ಟಿಫಿಕೇಟಿಗಾಗಿ ನಾನು ಮಾಡಿದ ಪ್ರಾಜೆಕ್ಟ್ ಇದೇ. ನಾಲ್ಕು ತಿಂಗಳು ರಾತ್ರಿ ಕೂತು ಒಂದೊಂದೇ ಜಾಬ್ ಕಾರ್ಡ್ ನೋಡಿ ಬರೆದುಕೊಂಡೆ. ಎರಡನೇ ಸಲ ಓಡಿದ್ದು ಜಾಸ್ತಿ ಕೂಲಿಂಗ್ ಫ್ಯಾನಿಗೆ, ಫ್ಯೂಸಿಗೆ. ದೂರು ಬಂದ ತಕ್ಷಣ ಡಿಸ್‌ಪ್ಲೇಯಲ್ಲಿರುವ ಎರರ್ ಕೋಡಿನ ಫೋಟೊ ತರಿಸಿಕೊಳ್ಳಲು ಶುರು ಮಾಡಿದೆವು. ಗಾಡಿಯ ಕಿಟ್ ಬದಲಾಯಿಸಿದೆವು. ಎರಡನೇ ಓಡಾಟ ಅರ್ಧಕ್ಕಿಂತ ಕಮ್ಮಿಯಾಯಿತು. ಡಿಫೈನ್, ಮೆಷರ್, ಅನಲೈಸ್, ಇಂಪ್ರೂವ್, ಕಂಟ್ರೋಲ್, ನೀವು ಕಲಿಸಿದ ಐದೂ ಹಂತ ಅದರಲ್ಲಿವೆ.

ನೀವು "ಪ್ರೊಡಕ್ಷನ್ ಲೈನ್ ಡೇಟಾ ಇಲ್ಲ" ಅಂತ ಅದನ್ನು ತಿರಸ್ಕರಿಸಿ, ಸರ್ಟಿಫಿಕೇಟ್ ತಡೆಹಿಡಿದಿರಿ.

ಕಳೆದ ಶುಕ್ರವಾರ ಮತ್ತೆ ಕರೆ ಮಾಡಿದೆ. ಬರೆದುಕೊಳ್ಳಬೇಕಿತ್ತು, ಹಾಗಾಗಿ ಸ್ಪೀಕರ್ ಹಾಕಿದ್ದೆ. ಹುಡುಗರೆಲ್ಲ ಅಲ್ಲೇ ಇದ್ದರು.

"ನಿಮ್ಮ ಫ್ಯಾಕ್ಟರಿ ಎಲ್ಲಿದೆ ಸರ್?"

"ಫ್ಯಾಕ್ಟರಿ ಇಲ್ಲಮ್ಮ, ನಮ್ಮದು ಫೀಲ್ಡ್ ಸರ್ವಿಸ್."

"ಹಾಗಾದ್ರೆ ಲೈನ್ ಎಷ್ಟಿವೆ?"

"ಲೈನೂ ಇಲ್ಲ. ಕೋರ್ಸಿನ ಹೆಸರಲ್ಲೇ ಫೀಲ್ಡ್ ಸರ್ವಿಸ್ ಅಂತ ಇದೆ, ಅಲ್ವಾ?"

ಹನ್ನೊಂದು ನಿಮಿಷ ಕಾಯಿಸಿದರು. ಆಮೇಲೆ ಒಬ್ಬರು ಮೇಲಿನವರು ಬಂದು ಹೇಳಿದ್ದು ಇದು: "ರಿಪೇರಿ ಮಾಡೋರಿಗೆಲ್ಲ ಬ್ಲ್ಯಾಕ್ ಬೆಲ್ಟ್ ಯಾಕ್ರೀ? ಗ್ರೀನ್ ಬೆಲ್ಟ್ ತಗೊಂಡು ಸುಮ್ನಿರಿ." ಗ್ರೀನ್ ಅಂದರೆ ಬ್ಲ್ಯಾಕ್‌ಗಿಂತ ಕೆಳಗಿನ ಮಟ್ಟ.

ಹುಡುಗರು ಯಾರೂ ತಲೆ ಎತ್ತಲಿಲ್ಲ. ಒಬ್ಬ ಕೈಯಲ್ಲಿದ್ದ ಮಲ್ಟಿಮೀಟರಿನ ವೈರು ಸುತ್ತುತ್ತಲೇ ಇದ್ದ. ಮುಂದಿನ ವರ್ಷ ನೀನೂ ಈ ಕೋರ್ಸ್ ಮಾಡು ಅಂತ ಅವನಿಗೇ ಹೇಳಿದ್ದೆ.

ಸಿಕ್ಸ್ ಸಿಗ್ಮಾ 1986ರಲ್ಲಿ ಮೊಟೊರೊಲಾದಲ್ಲಿ ಶುರುವಾಗಿದ್ದು ನಿಜ. ಆದರೆ ತಪ್ಪಾಗಬಹುದಾದ ಹತ್ತು ಲಕ್ಷ ಅವಕಾಶಕ್ಕೆ 3.4 ತಪ್ಪು ಅನ್ನುವ ಲೆಕ್ಕ ಸರ್ವಿಸ್ ಭೇಟಿಗೂ ನಡೆಯುತ್ತದೆ ಅಂತ ಕಲಿಸಿದವರು ನೀವೇ. ಸೇವಾ ವಲಯದ ಪ್ರಾಜೆಕ್ಟ್ ಒಪ್ಪುತ್ತೇವೆ ಅಂತ ನಿಮ್ಮ ಕೈಪಿಡಿಯಲ್ಲೇ ಇದೆ. ನಿಮ್ಮ ನಿಯಮ ನಿಮಗೆ ನಾನು ಓದಿ ಹೇಳಬೇಕಾ?

ಕೊಟ್ಟಿದ್ದು 62,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 73,160. ಹದಿನೈದು ದಿನದೊಳಗೆ ನನ್ನ ಪ್ರಾಜೆಕ್ಟನ್ನು ಸರ್ವಿಸ್ ಗೊತ್ತಿರುವವರಿಂದ ನೋಡಿಸಿ, ಇಲ್ಲವೇ ಪೂರ್ತಿ ಹಣ ವಾಪಸ್ ಮಾಡಿ. ಶುಕ್ರವಾರದ ಆ ಮಾತಿಗೆ ಬರವಣಿಗೆಯಲ್ಲಿ ಕ್ಷಮೆಯೂ ಬೇಕು.

ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ಕೇಸ್ ಹಾಕುತ್ತೇನೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಕೇಸಿಗೆ ಶುಲ್ಕವೂ ಇಲ್ಲ. ತುಮಕೂರಿಗೆ ಓಡಾಡಬೇಕಾದವರು ನೀವು. ಕರೆ ರೆಕಾರ್ಡ್ ಆಗುತ್ತಿದೆ ಅಂತ ನಿಮ್ಮ ಮೆಷಿನ್ ಮೊದಲೇ ಹೇಳುತ್ತದೆ. ಶುಕ್ರವಾರದ ಆ ರೆಕಾರ್ಡಿಂಗ್ ಅಳಿಸಬೇಡಿ. ಅದನ್ನು ಗ್ರಾಹಕ ಆಯೋಗದ ಮುಂದೆ ತರಿಸುತ್ತೇನೆ.

ಇಂತಿ,
ನಿಮ್ಮ ಕೋರ್ಸಿನ ವಿದ್ಯಾರ್ಥಿ
ತುಮಕೂರು